ಗಾಳಿಮಳೆಗೆ ಮುನ್ನ ಅಂಗಳದ ಮರ: ಬುಡದಿಂದ ಶುರುಮಾಡಿ

ಆರು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ಬೆಂಗಳೂರಿನ ನಮ್ಮ ಮನೆಯ ಕಾಂಪೌಂಡಿನೊಳಗಿದ್ದ ಹೊಂಗೆ ಮರ ಬುಡಸಮೇತ ರಸ್ತೆಗೆ ಉರುಳಿತು. ಹೊಂಗೆ ಅಷ್ಟು ಸುಲಭಕ್ಕೆ ಬೀಳುವ ಮರವಲ್ಲ. ಎದುರು ಮನೆಯ ಗುಲ್‌ಮೊಹರ್ ಯಾವಾಗ ಬೀಳುತ್ತದೋ ಎಂದು ನಾವು ಪ್ರತಿ ಬೇಸಿಗೆ ಹೆದರುತ್ತಿದ್ದೆವು. ಅದು ನಿಂತೇ ಇತ್ತು, ನಮ್ಮದು ಮಲಗಿತ್ತು. ಅದೃಷ್ಟಕ್ಕೆ ಆ ಹೊತ್ತಿನಲ್ಲಿ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮರ ಕಡಿಯುವವರು ಬರುವ ಮೊದಲು ಆ ಬೇರುಗಳ ಮುಂದೆ ಕುಳಿತು ನೋಡಿದೆ. ರಸ್ತೆಯ ಕಡೆಯ ಬೇರುಗಳು ಮಣ್ಣು ಹಿಡಿದುಕೊಂಡೇ ಬಾಗಿದ್ದವು. ಮನೆಯ ಕಡೆ ಮಾತ್ರ, ಕಾಂಡದಿಂದ ಎರಡು ಅಡಿ ದೂರದಲ್ಲಿ, ಮುಂಗೈ ದಪ್ಪದ ಮೂರು ಬೇರುಗಳು ಒಂದೇ ಗೆರೆಯಲ್ಲಿ ತುಂಡಾಗಿದ್ದವು. ತುದಿ ಕಪ್ಪಗಾಗಿತ್ತು. ಉಗುರಿನಿಂದ ಒತ್ತಿದರೆ ನೆನೆದ ರಟ್ಟಿನ ಹಾಗೆ ಪುಡಿಯಾಗಿ ಬಂತು. ಅದಕ್ಕೂ ಮೂರು ವರ್ಷ ಮೊದಲು ನೀರಿನ ಪೈಪಿಗಾಗಿ ನಾವೇ ನಿಂತು ತೋಡಿಸಿದ ಕಾಲುವೆಯ ಗೆರೆ ಅದು. ಮರ ಮೂರು ವರ್ಷ ಒಂದು ಕಡೆಯ ಹಿಡಿತವಿಲ್ಲದೆ ನಿಂತಿತ್ತು. ಎಲೆ ಬಾಡಲಿಲ್ಲ, ಹೂ ನಿಲ್ಲಲಿಲ್ಲ, ನಮಗೆ ಗೊತ್ತಾಗಲೂ ಇಲ್ಲ.

ಅಂದಿನಿಂದ ಮರವನ್ನು ಬುಡದಿಂದ ನೋಡುವ ಅಭ್ಯಾಸ ಮಾಡಿಕೊಂಡೆ. ಮಳೆಗಾಲಕ್ಕೆ ಮುಂಚೆ ಮರ ಅಣಿಗೊಳಿಸುವುದೆಂದರೆ ಕೊಂಬೆ ಕಡಿಸುವುದು ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಕಡಿಯುವ ಕೆಲಸ ಇದರಲ್ಲಿ ಸಣ್ಣ ಪಾಲು, ಅದೂ ಕೊನೆಯ ಪಾಲು.

ಯಾವಾಗ ಶುರುಮಾಡಬೇಕು

ಬೆಂಗಳೂರು, ಮೈಸೂರು, ತುಮಕೂರಿನಂಥ ಬಯಲುಸೀಮೆಯ ಊರುಗಳಲ್ಲಿ ಮರ ಉರುಳಿಸುವುದು ಜುಲೈನ ಜಡಿಮಳೆಗಿಂತ ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಗುಡುಗುಮಳೆ. ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆ ಮೋಡ ಕಟ್ಟುತ್ತದೆ. ಮಳೆಯಿಂದ ತಣ್ಣಗಾದ ಗಾಳಿ ಮೇಲಿನಿಂದ ಧೊಪ್ಪನೆ ಬಿದ್ದು ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮುಂಗಾರಿನ ಗಾಳಿ ತಿಂಗಳುಗಟ್ಟಲೆ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಮರ ಅದಕ್ಕೆ ತಕ್ಕಂತೆ ಬೇರು ಬಲಪಡಿಸಿಕೊಂಡಿರುತ್ತದೆ. ಈ ಸಂಜೆಯ ಗಾಳಿ ಯಾವ ದಿಕ್ಕಿನಿಂದಲೂ ಬರಬಹುದು. ಜೊತೆಗೆ ಮಳೆಮರ, ಗುಲ್‌ಮೊಹರ್, ಬೇವು ಎಲ್ಲವೂ ಆಗತಾನೇ ಹೊಸ ಎಲೆ ಹೊದ್ದಿರುತ್ತವೆ. ಗಾಳಿಗೆ ಹಾಯಿ ಬಿಚ್ಚಿ ನಿಂತ ದೋಣಿಯಂತೆ.

ಜೂನ್ ಬಂದರೂ ಅಪಾಯ ಮುಗಿಯುವುದಿಲ್ಲ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು ನೂರಾರು ಮರ, ಕೊಂಬೆಗಳು ಬಿದ್ದವು. ನೆಲ ಪೂರ್ತಿ ನೆನೆದು ಸಡಿಲವಾದ ಮೇಲೆ ಗಾಳಿ ಬಂದರೆ ಬೇರು ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಆದ್ದರಿಂದ ತಪಾಸಣೆ ಸಂಕ್ರಾಂತಿ ಮುಗಿದ ಕೂಡಲೇ, ಅನುಮತಿ ಬೇಕಾದ ಕೆಲಸಕ್ಕೆ ಅರ್ಜಿ ಅದೇ ವಾರ, ಕೊಂಬೆ ಸವರುವುದು ಫೆಬ್ರುವರಿಯಲ್ಲಿ, ಮತ್ತೊಂದು ಸುತ್ತು ನೋಟ ಯುಗಾದಿಯ ಹೊತ್ತಿಗೆ. ಮೊದಲ ಸಿಡಿಲು ಬಡಿದ ಮೇಲೆ ಕೆಲಸದವರನ್ನು ಹುಡುಕಿದರೆ ಅವರೂ ಸಿಗುವುದಿಲ್ಲ, ಸಿಕ್ಕವರು ಆತುರದಲ್ಲಿ ಕಡಿದು ಹೋಗುತ್ತಾರೆ.

ಬುಡ

ಮಂಡಿಯೂರಿ ಕುಳಿತು ನೋಡಿ. ಆರೋಗ್ಯವಾದ ಮರದ ಕಾಂಡ ನೆಲ ಸೇರುವಲ್ಲಿ ಆನೆಯ ಪಾದದ ಹಾಗೆ ಅಗಲವಾಗಿರುತ್ತದೆ. ನಿಮ್ಮ ಮರ ವಿದ್ಯುತ್ ಕಂಬದಂತೆ ನೇರವಾಗಿ ನೆಲದೊಳಗೆ ಇಳಿದಿದ್ದರೆ ಬುಡಕ್ಕೆ ಮಣ್ಣು ಸೇರಿದೆ ಎಂದರ್ಥ. ಅಂಗಳ ಎತ್ತರಿಸಲು ಹಾಕಿದ ಮಣ್ಣು, ಮನೆ ಕಟ್ಟಿದಾಗ ಉಳಿದ ಜಲ್ಲಿ, ವರ್ಷವರ್ಷ ಗುಡಿಸಿ ಒಟ್ಟಿದ ಕಸ ಏನಾದರೂ ಇರಬಹುದು. ಆ ಮಣ್ಣನ್ನು ಗುದ್ದಲಿಯಿಂದಲ್ಲ, ಕೈಯಿಂದ, ಸಣ್ಣ ಕುರ್ಚಿಗೆಯಿಂದ ಮೆಲ್ಲಗೆ ಸರಿಸಿ. ಮುಚ್ಚಿದ ತೊಗಟೆ ತೇವಕ್ಕೆ ಕೊಳೆಯುತ್ತದೆ.

ಸುತ್ತಲೂ ಸಿಮೆಂಟ್ ಅಥವಾ ಟೈಲ್ಸ್ ಹಾಕಿ ಕಾಂಡದವರೆಗೂ ಮುಚ್ಚಿದ್ದರೆ ಕಾಂಡದಿಂದ ಎಲ್ಲ ಕಡೆಗೂ ಕನಿಷ್ಠ ಮೂರು ಅಡಿ ಮಣ್ಣು ತೆರೆದುಕೊಳ್ಳುವಂತೆ ಅದನ್ನು ಒಡೆಸಿ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಬೇರು ಮರದ ಎತ್ತರದಷ್ಟೇ ಆಳಕ್ಕೆ ಇಳಿದಿರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಅಂಗಳದಲ್ಲಿ ತೋಡುವ ಪ್ರತಿಯೊಂದು ಕಾಲುವೆ ಅವುಗಳ ದಾರಿಗೆ ಅಡ್ಡವೇ.

ಇಲ್ಲಿ ಒಂದು ಲೆಕ್ಕ ನೆನಪಿಡಿ. ಎದೆಯೆತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತಿ, ಬಂದ ಅಳತೆಯನ್ನು ಮೂರರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಡ್ಡಳತೆ ಸಿಗುತ್ತದೆ. ಸುತ್ತಳತೆ 36 ಅಂಗುಲವಾದರೆ ಅಡ್ಡಳತೆ 12 ಅಂಗುಲ. ಎಷ್ಟು ಅಂಗುಲವೋ ಅಷ್ಟು ಅಡಿ ದೂರದವರೆಗೆ, ಅಂದರೆ ಈ ಮರಕ್ಕೆ 12 ಅಡಿ, ಅಗೆಯದಿದ್ದರೆ ಒಳ್ಳೆಯದು. ಮೂವತ್ತು ನಲವತ್ತರ ಸೈಟಿನಲ್ಲಿ ಇದು ಆಗದ ಮಾತು, ನನಗೆ ಗೊತ್ತು. ಆದರೆ ಅಡ್ಡಳತೆಯ ಮೂರು ಪಟ್ಟಿನೊಳಗೆ, ಈ ಮರಕ್ಕಾದರೆ ಮೂರು ಅಡಿಯೊಳಗೆ, ಯಾವ ಕಾರಣಕ್ಕೂ ಬೇರು ಕಡಿಯಬೇಡಿ. ಮರವನ್ನು ನಿಲ್ಲಿಸಿರುವ ಬೇರುಗಳು ಅವು. ಪೈಪು ಹೋಗಲೇಬೇಕಾದರೆ ಬೇರಿನ ಕೆಳಗೆ ಕೈಯಿಂದ ಮಣ್ಣು ತೆಗೆದು ತೂರಿಸಬಹುದು. ಒಂದು ದಿನದ ಕೂಲಿ ಹೆಚ್ಚಾಗುತ್ತದೆ, ಅಷ್ಟೇ. ಕಳೆದ ನಾಲ್ಕೈದು ವರ್ಷಗಳಲ್ಲಿ ಒಳಚರಂಡಿಗೋ ಕೇಬಲ್ಲಿಗೋ ಸಂಪಿಗೋ ಮರದ ಹತ್ತಿರ ಅಗೆದಿದ್ದರೆ ಮನೆಯ ಹಿರಿಯರನ್ನು, ಪಕ್ಕದವರನ್ನು ಕೇಳಿ ಗುರುತು ಹಾಕಿಕೊಳ್ಳಿ. ಕಾಂಪೌಂಡಿನ ಹೊರಗೆ ಫುಟ್‌ಪಾತ್ ಅಗೆದದ್ದನ್ನೂ ಮರೆಯಬೇಡಿ.

ಇನ್ನು, ಕಂಡ ಕೂಡಲೇ ತಿಳಿದವರನ್ನು ಕರೆಸಬೇಕಾದ ಗುರುತುಗಳಿವೆ. ಬುಡದ ಒಂದು ಬದಿಯಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿರುವುದು. ನೇರವಿದ್ದ ಮರ ಈಚೆಗೆ ವಾಲಿರುವುದು. ಹುಟ್ಟಿನಿಂದ ಬೆಳಕಿನ ಕಡೆಗೆ ಬಾಗಿ ಬೆಳೆದ ಮರದ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ, ಹೊಸದಾಗಿ ವಾಲಿದ ಮರ ಬುಡದಿಂದ ತುದಿಯವರೆಗೂ ಒಂದೇ ಓರೆಯಲ್ಲಿರುತ್ತದೆ. ಬುಡದಲ್ಲಿ ಗಟ್ಟಿ ತಟ್ಟೆಯಂಥ ಅಣಬೆಗಳು ಅಂಟಿಕೊಂಡಿರುವುದು. ಅಣಬೆ ಹೊರಗೆ ಕಾಣುವ ಹೊತ್ತಿಗೆ ಒಳಗಿನ ಮರ ಬಹಳ ದೂರ ಕೊಳೆತಿರುತ್ತದೆ. ಅದನ್ನು ಕಿತ್ತೆಸೆದರೆ ಗುರುತು ಹೋಗುತ್ತದೆ, ಕೊಳೆತ ಹೋಗುವುದಿಲ್ಲ.

ಕಾಂಡ ಮತ್ತು ಕವಲು

ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ಇರುವಲ್ಲಿ ಟಕ್ ಎನ್ನುತ್ತದೆ, ಪೊಳ್ಳಿರುವಲ್ಲಿ ಡೊಳ್ಳಿನ ದನಿ ಬರುತ್ತದೆ. ಪೊಳ್ಳಿದ್ದ ಮಾತ್ರಕ್ಕೆ ಮರ ಬೀಳುತ್ತದೆ ಎಂದಲ್ಲ. ಸುತ್ತಲೂ ದಪ್ಪ ಗೋಡೆ ಉಳಿದಿದ್ದರೆ ಕೊಳವೆಯ ಹಾಗೆ ಬಹುಕಾಲ ನಿಲ್ಲುತ್ತದೆ. ಪೊಟರೆಗೆ ಸಿಮೆಂಟ್ ತುಂಬಿಸುವುದು ಮಾತ್ರ ಬೇಡ. ಗಾಳಿಗೆ ಮರ ಬಳುಕುತ್ತದೆ, ಸಿಮೆಂಟ್ ಬಳುಕುವುದಿಲ್ಲ. ಒಳಗೊಳಗೇ ಉಜ್ಜಿ ಗಾಯ ದೊಡ್ಡದಾಗುತ್ತದೆ, ನೀರೂ ನಿಲ್ಲುತ್ತದೆ.

ಸೀಳುವ ಜಾಗ ಸಾಮಾನ್ಯವಾಗಿ ಕವಲು. ಎರಡು ಸಮ ದಪ್ಪದ ಕೊಂಬೆಗಳು ಅಂಗೈ ಜೋಡಿಸಿದಂತೆ ಇಕ್ಕಟ್ಟಾಗಿ ಮೇಲೇರಿದ್ದರೆ ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿರುತ್ತದೆ, ಮರಕ್ಕೆ ಮರ ಬೆಸೆದಿರುವುದಿಲ್ಲ. ಅಗಲವಾಗಿ ತೆರೆದ ಕವಲು ಬಲವಾದದ್ದು. ಇಕ್ಕಟ್ಟಿನ ಕವಲಿನ ಕೆಳಗೆ ಬಿರುಕೋ ಕಪ್ಪು ನೀರಿನ ಗೆರೆಯೋ ಕಂಡರೆ ಎರಡರಲ್ಲಿ ಒಂದು ಕೊಂಬೆಯ ಭಾರ ಇಳಿಸಬೇಕು.

ಮೇಲೆ ನೋಡುವಾಗ ಎಲೆಯಿಲ್ಲದ ಒಣ ಕೊಂಬೆ, ಮುರಿದು ಇನ್ನೊಂದರ ಮೇಲೆ ನೇತಾಡುತ್ತಿರುವ ಕೊಂಬೆ, ಮಾವಿನ ಮೇಲೆ ಬೆಳೆದ ಬಂದಳಿಕೆ, ಪೊಟರೆಯಲ್ಲಿ ಹುಟ್ಟಿದ ಅರಳಿ ಗಿಡ ಇವನ್ನು ಗುರುತಿಸಿ. ದೀಪಾವಳಿಗೆ ಸುತ್ತಿದ ಸೀರಿಯಲ್ ಲೈಟಿನ ತಂತಿ, ಬಟ್ಟೆ ಒಣಗಿಸುವ ಕಂಬಿ, ಉಯ್ಯಾಲೆಯ ಸರಪಣಿ ಬಿಚ್ಚಿ ತೆಗೆಯಿರಿ. ತಂತಿ ಕಾಂಡದೊಳಗೆ ಹುಗಿದಿದ್ದರೆ ಎಳೆಯಬೇಡಿ, ಹೊರಗಿರುವಷ್ಟನ್ನು ಕತ್ತರಿಸಿ ಬಿಟ್ಟರೆ ಸಾಕು.

ಜೊತೆಗೆ ಮರದ ಎತ್ತರ ಅಂದಾಜಿಸಿ. ಮನೆಯ ಒಂದು ಮಹಡಿಗೆ ಹತ್ತು ಅಡಿ ಎಂದು ಲೆಕ್ಕ ಹಿಡಿದರೆ ಸಾಕು. ಅಷ್ಟು ದೂರದೊಳಗೆ ಏನಿದೆ, ಯಾರು ಮಲಗುತ್ತಾರೆ, ಕಾರು ಎಲ್ಲಿ ನಿಲ್ಲುತ್ತದೆ? ಹಿತ್ತಿಲ ಮೂಲೆಯಲ್ಲಿ ಯಾರಿಗೂ ತಾಗದ ಒಣಮರ ಗಿಳಿಗೋ ಮರಕುಟಿಗಕ್ಕೋ ಮನೆಯಾಗಿರಲಿ. ಮಕ್ಕಳ ಕೋಣೆಯ ಮೇಲೆ ಚಾಚಿದ ಒಂದು ಒಣ ಕೊಂಬೆಗೆ ಮೊದಲ ಗಮನ ಕೊಡಿ.

ಕಡಿಯುವುದಾದರೆ ಎಷ್ಟು, ಎಲ್ಲಿ

ಮರ ಹತ್ತುವವರು ಬಂದು ನಿಂತು, “ಅಮ್ಮಾ, ತಲೆ ಹಾರಿಸಿಬಿಟ್ಟರೆ ಐದು ವರ್ಷ ನಿಶ್ಚಿಂತೆ” ಎನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ತಲೆ ಕಡಿದ ಮರ ಹಸಿವಿಗೆ ಹತ್ತಾರು ಚಿಗುರುಗಳನ್ನು ಒಮ್ಮೆಗೇ ಹೊರಡಿಸುತ್ತದೆ. ಅವು ಮೂರು ವರ್ಷದಲ್ಲಿ ಮತ್ತೆ ಅಷ್ಟೇ ಎತ್ತರಕ್ಕೆ ಹೋಗುತ್ತವೆ, ಆದರೆ ತೊಗಟೆಗೆ ಅಂಟಿದಂತೆ ಮೇಲೆಮೇಲೆ ನಿಂತಿರುತ್ತವೆ. ಕೆಳಗೆ ಕಡಿದ ಗಾಯ ಕೊಳೆಯುತ್ತಿರುತ್ತದೆ. ಅಂಥ ಕೊಂಬೆ ಮುರಿಯಲು ಬಿರುಗಾಳಿಯೂ ಬೇಕಿಲ್ಲ.

ಒಳಗಿನ ಸಣ್ಣ ರೆಂಬೆಗಳನ್ನೆಲ್ಲ ಸವರಿ ತುದಿಯಲ್ಲಿ ಮಾತ್ರ ಎಲೆ ಉಳಿಸುವುದೂ ತಪ್ಪು. ಭಾರವೆಲ್ಲ ತುದಿಗೆ ಹೋಗಿ ಕೊಂಬೆ ಚಾಟಿಯಂತೆ ಬೀಸುತ್ತದೆ. ಮನೆಯ ಕಡೆಯದನ್ನೆಲ್ಲ ಬೋಳಿಸಿ ರಸ್ತೆಯ ಕಡೆಯದನ್ನು ಹಾಗೇ ಬಿಟ್ಟರೆ ನೀವೇ ಮರವನ್ನು ರಸ್ತೆಗೆ ತಳ್ಳಿದ ಹಾಗೆ. ಒಣಗಿದ್ದು, ಮುರಿದದ್ದು, ಒಂದಕ್ಕೊಂದು ಉಜ್ಜುತ್ತಿರುವುದು ಮೊದಲು ಹೋಗಲಿ. ಎಷ್ಟೋ ಮರಗಳಿಗೆ ಅಷ್ಟೇ ಸಾಕು. ಬಳಿಕವೂ ಬೇಕೆನಿಸಿದರೆ ಹೊರತುದಿಯಿಂದ ಎಲ್ಲ ಬದಿಯಲ್ಲೂ ಸ್ವಲ್ಪ ಸ್ವಲ್ಪ ಹಗುರ ಮಾಡಿಸಿ. ಒಂದು ವರ್ಷದಲ್ಲಿ ಒಟ್ಟು ಹಸಿರಿನ ಕಾಲು ಭಾಗ ಮೀರಬಾರದು, ವಯಸ್ಸಾದ ಮರಕ್ಕೆ ಅದಕ್ಕಿಂತಲೂ ಕಡಿಮೆ.

ಕಡಿಯುವ ಜಾಗದ ಬಗ್ಗೆ ನಾನು ಪಕ್ಕದಲ್ಲೇ ನಿಂತು ಹೇಳುತ್ತೇನೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ತೊಗಟೆ ಬಳೆಯ ಹಾಗೆ ಉಬ್ಬಿರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಆ ಬಳೆಯಲ್ಲಿ. ಮೊದಲು ಕಾಂಡದಿಂದ ಒಂದೂವರೆ ಅಡಿ ಆಚೆ ಕೊಂಬೆಯ ಅಡಿಯಿಂದ ಮೂರನೇ ಒಂದು ಭಾಗದಷ್ಟು ಗರಗಸ ಹಾಕಬೇಕು. ಆಮೇಲೆ ಅದಕ್ಕಿಂತ ಎರಡು ಅಂಗುಲ ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ತೊಗಟೆ ಸೀಳದೆ ಬೀಳುತ್ತದೆ. ಉಳಿದ ಮೋಟನ್ನು ಬಳೆಯ ಹೊರಗೆ, ಬಳೆಗೆ ತಾಗದಂತೆ, ಕೊಯ್ಯಬೇಕು. ಕಾಂಡಕ್ಕೆ ಸಮವಾಗಿ ನುಣ್ಣಗೆ ಕೆತ್ತಿದರೆ ಬಳೆ ಹೋಯಿತು. ಒಂದಡಿ ಮೋಟು ಬಿಟ್ಟರೆ ಅದೇ ಒಣಗಿ ಗೆದ್ದಲಿಗೆ ದಾರಿ. ಈ ಕೆಲಸ ಗರಗಸದ್ದು, ಮಚ್ಚಿನದ್ದಲ್ಲ. ಗಾಯಕ್ಕೆ ಡಾಂಬರು, ಬಣ್ಣ ಬಳಿಯಬೇಡಿ. ಹಣ್ಣಿನ ಮರಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿದರೆ ಸಾಕು.

ಗರಗಸ ಹಾಕುವ ಮೊದಲು ಗೂಡು, ಅಳಿಲು, ಹೆಜ್ಜೇನು ಇವೆಯೇ ನೋಡಿಸಿ. ಮರಿಗಳಿದ್ದರೆ ಆ ಕೊಂಬೆ ಮೂರು ವಾರ ಕಾಯಲಿ. ಇದನ್ನು ನಾನು ಮನೆಮಂದಿಯೊಡನೆ ಜಗಳವಾಡಿಯಾದರೂ ಉಳಿಸಿಕೊಂಡಿದ್ದೇನೆ.

ತೆಂಗು, ಮಾವು, ನುಗ್ಗೆ

ತೆಂಗಿನ ಮರಕ್ಕೆ ಬೇರೆಯದೇ ಲೆಕ್ಕ. ಒಣಗಿದ ಗರಿ, ಒಣ ಹೊಂಬಾಳೆ, ಬಲಿತ ಕಾಯಿ ಇವನ್ನು ಮಾರ್ಚ್ ಕೊನೆಯೊಳಗೆ ಇಳಿಸಿ. ಹಸಿರು ಗರಿ ಮುಟ್ಟಿಸಬೇಡಿ. ಕೆಳಗಿನ ಹಸಿರು ಗರಿಗಳು ಗೊನೆಗೆ ಆಸರೆ. ಅವನ್ನು ಕಡಿದು ಪೊರಕೆಯಂತೆ ಮಾಡಿದರೆ ಫಸಲೂ ಹೋಗುತ್ತದೆ, ಕುತ್ತಿಗೆಯೂ ಸೊರಗುತ್ತದೆ. ಹತ್ತುವವರಿಗೆ ಸುಳಿ ನೋಡಿ ಹೇಳಲು ಕೇಳಿಕೊಳ್ಳಿ. ಗರಿಗಳು ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಿದ್ದರೆ ಸುಳಿ ಕೊರೆಯುವ ದುಂಬಿ ಬಂದಿದೆ. ಕಾಂಡದಲ್ಲಿ ತೂತು, ಕಂದು ರಸ, ಅಗಿದ ನಾರು ಕಂಡರೆ ಕೆಂಪುಮೂತಿ ಹುಳು. ಒಳಗೆ ತಿಂದು ಮುಗಿಸಿದ ಮರ ಗಾಳಿಗೆ ಅರ್ಧಕ್ಕೆ ಮುರಿಯುತ್ತದೆ. ಬುಡದ ಹತ್ತಿರ ಕಂದು ಅಂಟು ಸೋರುತ್ತಿದ್ದರೆ ಅಣಬೆ ರೋಗವಿರಬಹುದು. ಮೂರಕ್ಕೂ ತೋಟಗಾರಿಕೆ ಇಲಾಖೆಯವರಿಗೆ ತೋರಿಸುವುದೇ ಸರಿ.

ಮಾವಿಗೆ ಮಳೆಯ ಕಾಲದಲ್ಲೇ ಕಾಯಿ. ಆಗ ಕೊಂಬೆ ಸವರಲು ಬಾರದು, ಅದು ಕೊಯ್ಲು ಮುಗಿದ ಮೇಲಿನ ಕೆಲಸ. ಕಾಯಿಭಾರಕ್ಕೆ ಬಾಗಿದ ಕೊಂಬೆಗೆ ಬಿದಿರಿನ ಕವೆಗೋಲು ಕೊಡಿ, ಕವೆಯ ನಡುವೆ ಗೋಣಿ ಮಡಚಿ ಇಡಿ. ಕಾಂಡದಲ್ಲಿ ತೂತು, ಕೆಳಗೆ ಮರದ ಹೊಟ್ಟು ಕಂಡರೆ ಕಾಂಡಕೊರಕ ಸೇರಿದೆ.

ನುಗ್ಗೆಯ ಕೊಂಬೆ ಸ್ವಲ್ಪ ಗಾಳಿಗೂ ಮುರಿಯುತ್ತದೆ. ಕಾಯಿ ಮುಗಿದ ಕೂಡಲೇ ಆಳೆತ್ತರಕ್ಕೆ ಕಡಿದರೂ ಚಿಗುರುತ್ತದೆ. ಇದು ಒಂದೇ ವಿನಾಯಿತಿ, ಬೇರೆ ಮರಕ್ಕೆ ಅನ್ವಯಿಸಬೇಡಿ. ಗೊನೆ ಹೊತ್ತ ಬಾಳೆಗೆ ಊರುಗೋಲು ಕೊಡುವುದು ಎಲ್ಲರಿಗೂ ಗೊತ್ತು.

ಅನುಮತಿ, ತಂತಿ, ಕೆಲಸದವರು

ಮರ ನಮ್ಮ ಜಾಗದಲ್ಲಿದ್ದರೂ ಮನಬಂದಂತೆ ಕಡಿಯುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಮರ ಕಡಿಯುವುದು ಎಂಬುದರ ಅರ್ಥದಲ್ಲಿ ಆ ಕಾಯ್ದೆ ಕೊಂಬೆ ಕಡಿಯುವುದನ್ನು, ತಲೆ ಬೋಳಿಸುವುದನ್ನೂ ಸೇರಿಸಿದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿಯ ಜೊತೆ ಬಿರುಕು, ಅಣಬೆ, ವಾಲಿಕೆಯ ಫೋಟೊ ಇಡಿ. ಪರಿಶೀಲನೆಗೆ ಬಂದವರಿಗೆ ಕೆಲಸ ಸುಲಭವಾಗುತ್ತದೆ. ರಸ್ತೆಬದಿಯ ಮರ ನಿಮ್ಮ ಮನೆಯ ಮೇಲೆ ಚಾಚಿದ್ದರೆ ಅದು ಪಾಲಿಕೆಯ ಅರಣ್ಯ ವಿಭಾಗದ ಹೊಣೆ. ಬೆಂಗಳೂರಿನಲ್ಲಿ 1533ಕ್ಕೆ ಹೇಳಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯವರ ಮರವಾದರೆ ಮೊದಲು ಒಂದು ಸಂಜೆ ಹೋಗಿ ಮಾತನಾಡಿ.

ವಿದ್ಯುತ್ ತಂತಿಯ ಹತ್ತಿರದ ಕೊಂಬೆಯನ್ನು ನೀವೂ ಮುಟ್ಟಬೇಡಿ, ಕೂಲಿಯವರಿಂದಲೂ ಮುಟ್ಟಿಸಬೇಡಿ. 1912ಕ್ಕೆ ಕರೆ ಮಾಡಿ, ಲೈನು ನಿಲ್ಲಿಸಿದ ಮೇಲೆ ಆಗಲಿ. ಹಸಿ ಕೊಂಬೆ, ಕಬ್ಬಿಣದ ಏಣಿ, ಕಾಯಿ ಕೀಳುವ ಅಲ್ಯೂಮಿನಿಯಂ ದೋಟಿ ಮೂರೂ ಕೊಲ್ಲುತ್ತವೆ.

ಕೆಲಸಕ್ಕೆ ಬಂದವರನ್ನು “ಹಗ್ಗ ಎಷ್ಟು ತಂದಿದ್ದೀರಿ ಅಣ್ಣ? ಸೊಂಟದ ಬೆಲ್ಟ್ ಇದೆಯೇ?” ಎಂದು ಕೇಳಿ. ಇಲ್ಲವೆಂದರೆ ನೀವೇ ಕೊಡಿಸಿ, ಅಥವಾ ಇನ್ನೊಬ್ಬರನ್ನು ಹುಡುಕಿ. ಮಳೆ ಬಂದ ಮರುದಿನದ ಜಾರುವ ಕಾಂಡಕ್ಕೆ ಯಾರನ್ನೂ ಹತ್ತಿಸಬೇಡಿ. ಕೂಲಿ, ಸೌದೆ ಯಾರಿಗೆ, ಸೊಪ್ಪು ಯಾರು ಸಾಗಿಸಬೇಕು ಎಂಬುದನ್ನು ಮೊದಲೇ ಮಾತನಾಡಿ. ಸೌದೆ ಆಸೆಗೆ ಹೆಚ್ಚು ಕಡಿಯುವವರಿದ್ದಾರೆ.

ಎಳೆಯ ಗಿಡಗಳು

ಗೂಟ ಎತ್ತರಕ್ಕೆ ಬಿಗಿಯಾಗಿ ಕಟ್ಟಬೇಡಿ. ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ, ಹಳೆಯ ಬಟ್ಟೆಯ ಪಟ್ಟಿಯಿಂದ, ತುಸು ಅಲುಗಾಡುವಷ್ಟು ಸಡಿಲವಾಗಿ ಕಟ್ಟಿ. ಗಾಳಿಗೆ ಅಲುಗಿದರೇ ಕಾಂಡ ದಪ್ಪವಾಗುವುದು, ಬೇರು ಹರಡುವುದು. ಒಂದು ವರ್ಷದ ಮೇಲೆ ಗೂಟ ತೆಗೆದುಬಿಡಿ. ಕಬ್ಬಿಣದ ಟ್ರೀಗಾರ್ಡ್ ತೊಗಟೆಗೆ ತಾಗುತ್ತಿದ್ದರೆ ಕಳಚಿ.

ಮಳೆಯ ಸಂಜೆ, ಮರುದಿನ

ಮೋಡ ಕಟ್ಟಿದಾಗ ಕಾರನ್ನು ಮರದಡಿಯಿಂದ ತೆಗೆಯಿರಿ, ತಾರಸಿಯ ಕಟ್ಟೆಯ ಮೇಲಿನ ಹೂಕುಂಡ ಕೆಳಗಿಳಿಸಿ, ನೀರಿನ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ. ಮಳೆ ನಿಲ್ಲಲೆಂದು ಮರದಡಿ ನಿಂತವರನ್ನು, ಗುರುತಿಲ್ಲದವರಾದರೂ ಸರಿ, ವರಾಂಡಕ್ಕೆ ಕರೆಯಿರಿ.

ಮರ ಬಿದ್ದರೆ ತಂತಿ ಸಿಕ್ಕಿಹಾಕಿಕೊಂಡಿದೆ ಎಂದೇ ತಿಳಿದು ದೂರ ನಿಂತು 1912ಕ್ಕೆ, ಜೀವಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಿ. ಬಾಗಿ ಬಿಗಿದು ನಿಂತ ಕೊಂಬೆಯನ್ನು ಕಡಿಯಲು ಹೋಗಬೇಡಿ, ಬಿಲ್ಲಿನಂತೆ ಸಿಡಿಯುತ್ತದೆ. ಕಾರಿಗೆ ಹಾನಿಯಾಗಿದ್ದರೆ ಕೊಂಬೆ ಸರಿಸುವ ಮೊದಲೇ ಫೋಟೊ ತೆಗೆಯಿರಿ. ಸಮಗ್ರ ವಿಮೆಯಿದ್ದರೆ ಪರಿಹಾರ ಕೇಳಬಹುದು.

ವಾಲಿದ್ದು ಮುಷ್ಟಿಯೊಳಗೆ ಹಿಡಿಯುವಷ್ಟು ದಪ್ಪದ ಎಳೆಯ ಮರವಾದರೆ ಉಳಿಸಬಹುದು. ಹೊರಬಂದ ಬೇರಿಗೆ ತಕ್ಷಣ ಒದ್ದೆ ಗೋಣಿ ಹೊದಿಸಿ. ನೆಲ ಮೆತ್ತಗಿರುವಾಗಲೇ, ಒಂದೆರಡು ದಿನದೊಳಗೆ, ವಾಲಿದ ಕಡೆಯಿಂದ ಇಬ್ಬರು ಮೆಲ್ಲಗೆ ಎತ್ತಲಿ. ಎದುರು ಬದಿಯ ಬೇರಿನಡಿ ಸ್ವಲ್ಪ ಮಣ್ಣು ತೆಗೆದರೆ ಮುರಿಯದೆ ಕುಳಿತುಕೊಳ್ಳುತ್ತದೆ. ಮಣ್ಣು ತುಂಬಿ, ಕಾಲಿನಿಂದ ಹಗುರವಾಗಿ ತುಳಿದು, ಮೂರು ಕಡೆಗೆ ಹಗ್ಗ ಕಟ್ಟಿ. ದೊಡ್ಡ ಮರವನ್ನು ಹೀಗೆ ಎತ್ತಿ ನಿಲ್ಲಿಸಿದರೆ ಅದು ಮುಂದಿನ ಗಾಳಿಗೆ ಮತ್ತೆ ಬೀಳುತ್ತದೆ.

ನಮ್ಮ ಹೊಂಗೆಯ ಜಾಗದಲ್ಲಿ ಆ ಜುಲೈನಲ್ಲೇ ಇನ್ನೊಂದು ಹೊಂಗೆ ಸಸಿ ನೆಟ್ಟೆವು, ಪೈಪಿನಿಂದ ಏಳು ಅಡಿ ಆಚೆಗೆ. ಪೈಪು ಹೋಗುವ ಗೆರೆಯನ್ನು ಕಾಂಪೌಂಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದ್ದೇನೆ. ಈ ಸಲದ ತಪಾಸಣೆಯಲ್ಲಿ ಅದರ ಬುಡ ನೆಲದ ಮಟ್ಟದಲ್ಲಿ ತುಸು ಅಗಲವಾಗತೊಡಗಿದ್ದು ಕಂಡಿತು.